ಪೈಪ್‌ಲೈನ್ ಸೋರಿದ ಮೇಲೆ ಯಾರಿಗೆ, ಯಾವಾಗ, ಏನು ಹೇಳಬೇಕು: ಅಮೆರಿಕದ ಅಪಘಾತ ವರದಿ ನಿಯಮಗಳನ್ನು ಪಾಲಿಸುವ, ತಿದ್ದಿಸುವ ಸಮಗ್ರ ಮಾರ್ಗದರ್ಶಿ

ಪಂಪ್ ಸ್ಟೇಷನ್ನಿನಲ್ಲಿ ಒಂದು ಕಾಂಕ್ರೀಟ್ ಗುಂಡಿ. ಉದ್ದ ಆರು ಅಡಿ, ಅಗಲ ನಾಲ್ಕು ಅಡಿ. ಪಂಪಿನ ಸೀಲ್ ಹಾಳಾಗಿ ತಳದಲ್ಲಿ ಅರ್ಧ ಇಂಚು ಕಚ್ಚಾ ತೈಲ ನಿಂತಿದೆ. ಬೂಟಿನ ಅಟ್ಟೆಯೂ ಪೂರ್ತಿ ಮುಳುಗುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನನ್ನು ಕೇಳಿದರೆ, ‘ಅಷ್ಟೇನಿಲ್ಲ ಸರ್, ಹೀರಿ ತೆಗೆದರೆ ಆಯಿತು’ ಎನ್ನುತ್ತಾನೆ. ಈಗ ಲೆಕ್ಕ ಹಾಕಿ. 24 ಚದರ ಅಡಿಗೆ ಅರ್ಧ ಇಂಚು ಎಂದರೆ ಸರಿಯಾಗಿ ಒಂದು ಘನ ಅಡಿ. ಒಂದು ಘನ ಅಡಿಗೆ ಸುಮಾರು ಏಳೂವರೆ ಗ್ಯಾಲನ್. ಅಮೆರಿಕದ ಕಾನೂನಿನಲ್ಲಿ 5 ಗ್ಯಾಲನ್ ಮುಟ್ಟಿದರೆ ಅದು ಸರ್ಕಾರಕ್ಕೆ ಲಿಖಿತವಾಗಿ ತಿಳಿಸಲೇಬೇಕಾದ ‘ಅಪಘಾತ’. 5 ಗ್ಯಾಲನ್ ಎಂದರೆ 19 ಲೀಟರ್. ಬೆಂಗಳೂರಿನ ಮನೆಗಳಿಗೆ ಬರುವ ಕುಡಿಯುವ ನೀರಿನ ಕ್ಯಾನಿಗಿಂತ ಒಂದು ಲೀಟರ್ ಕಡಿಮೆ.

ಹ್ಯೂಸ್ಟನ್ ಸುತ್ತಮುತ್ತ ತೈಲ, ಅನಿಲ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಕಡಿಮೆಯೇನಿಲ್ಲ. ಅಂಥವರಲ್ಲಿ ನಾನೂ ಒಬ್ಬ. ಈ ವಿಷಯವನ್ನು ನಮ್ಮ ಭಾಷೆಯಲ್ಲಿ ಒಂದು ಕಡೆ ಬರೆದಿಡಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಇಲ್ಲಿ ಬರುವುದೆಲ್ಲ ಅಮೆರಿಕದ ನಿಯಮ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಬರುವ ಪೆಟ್ರೋಲ್-ಡೀಸೆಲ್ ಪೈಪಿಗಾಗಲಿ, ದಾಭೋಲ್‌ನಿಂದ ಬರುವ ಗ್ಯಾಸ್ ಪೈಪಿಗಾಗಲಿ ಇದು ಅನ್ವಯಿಸದು. ಅಲ್ಲಿಯ ವ್ಯವಸ್ಥೆಯೇ ಬೇರೆ.

ಹಂತ 1: ನಿಮ್ಮ ಪೈಪು ಯಾವ ಭಾಗಕ್ಕೆ ಸೇರುತ್ತದೆ, ನೋಡಿಕೊಳ್ಳಿ

ಪೈಪ್‌ಲೈನ್ ಸುರಕ್ಷತೆಯನ್ನು ನೋಡಿಕೊಳ್ಳುವುದು ಸಾರಿಗೆ ಇಲಾಖೆಯ ಕೆಳಗಿರುವ ಒಂದು ಸಂಸ್ಥೆ. ಇಲ್ಲಿ ಎಲ್ಲರೂ ಅದನ್ನು ‘ಫಿಮ್ಸಾ’ (PHMSA) ಎಂದೇ ಕರೆಯುತ್ತಾರೆ. ಅದರ ನಿಯಮಗಳು ಫೆಡರಲ್ ನಿಯಮ ಸಂಹಿತೆಯ 49ನೇ ಸಂಪುಟದಲ್ಲಿವೆ. ಅನಿಲಕ್ಕೆ ಸಂಬಂಧಿಸಿದ ವರದಿಗಳು ಭಾಗ 191ರಲ್ಲಿ, ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ಇಂಗಾಲದ ಡೈಆಕ್ಸೈಡ್‌ನಂಥವು ಭಾಗ 195ರಲ್ಲಿ.

ಹೊಸಬರು ಎಡವುವುದು ಇಲ್ಲೇ. ಎರಡು ಭಾಗಗಳ ಶಬ್ದವೂ ಒಂದಲ್ಲ, ಅಳತೆಯೂ ಒಂದಲ್ಲ. ಅನಿಲದ ಕಡೆ ಅದನ್ನು ‘ಇನ್ಸಿಡೆಂಟ್’ ಎನ್ನುತ್ತಾರೆ, ದ್ರವದ ಕಡೆ ‘ಆಕ್ಸಿಡೆಂಟ್’. ಮಾತಿನಲ್ಲಿ ಎರಡನ್ನೂ ಘಟನೆ ಎಂದರೂ ನಡೆದೀತು. ಬರವಣಿಗೆಯಲ್ಲಿ ಮಾತ್ರ ಬೆರೆಸಬೇಡಿ, ಏಕೆಂದರೆ ಒಂದರ ಮಿತಿಯನ್ನು ಇನ್ನೊಂದಕ್ಕೆ ಹಚ್ಚಿ ಯಾಮಾರಿದವರನ್ನು ನೋಡಿದ್ದೇನೆ.

ಪೈಪು ಒಂದೇ ರಾಜ್ಯದೊಳಗೆ ಇದ್ದರೆ ರಾಜ್ಯದ ಇಲಾಖೆಗೂ ಬೇರೆಯಾಗಿ ತಿಳಿಸಬೇಕಾಗುತ್ತದೆ. ಟೆಕ್ಸಾಸ್‌ನಲ್ಲಿ ಆ ಕೆಲಸ ರೈಲ್‌ರೋಡ್ ಕಮಿಷನ್‌ನದು. ಹೆಸರಿನಲ್ಲಿ ರೈಲು ಉಳಿದಿದೆ, ನೋಡಿಕೊಳ್ಳುವುದು ತೈಲ ಮತ್ತು ಅನಿಲ. ಕ್ಯಾಲಿಫೋರ್ನಿಯಾದಲ್ಲಿ ಅನಿಲಕ್ಕೆ ಪಬ್ಲಿಕ್ ಯುಟಿಲಿಟೀಸ್ ಕಮಿಷನ್, ದ್ರವಕ್ಕೆ ರಾಜ್ಯದ ಫೈರ್ ಮಾರ್ಷಲ್ ಕಚೇರಿ. ನಿಮ್ಮ ರಾಜ್ಯದ್ದು ಯಾವುದೆಂದು ಈಗಲೇ ಬರೆದಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಹುಡುಕಲು ಕೂರಬೇಡಿ.

ಹಂತ 2: ಮಿತಿ ದಾಟಿದೆಯೇ?

ಮೊದಲು ಅನಿಲ. ಅನಿಲ ಹೊರಬಿದ್ದು ಕೆಳಗಿನವುಗಳಲ್ಲಿ ಒಂದಾದರೂ ಆಗಿದ್ದರೆ ತಿಳಿಸಲೇಬೇಕು: ಸಾವು, ಆಸ್ಪತ್ರೆಗೆ ಒಳರೋಗಿಯಾಗಿ ದಾಖಲಾಗುವಂಥ ಗಾಯ, ನಿಗದಿತ ಮೊತ್ತಕ್ಕೆ (ಹಂತ 5 ನೋಡಿ) ಮುಟ್ಟಿದ ಆಸ್ತಿ ಹಾನಿ, ಇಲ್ಲವೇ ಉದ್ದೇಶವಿಲ್ಲದೆ 30 ಲಕ್ಷ ಘನ ಅಡಿ ಅಥವಾ ಅದಕ್ಕೂ ಹೆಚ್ಚು ಅನಿಲ ಸೋರಿಕೆ. ಹಾನಿಯ ಲೆಕ್ಕದಲ್ಲಿ ಸೋರಿಹೋದ ಅನಿಲದ ಬೆಲೆಯನ್ನು ಸೇರಿಸುವಂತಿಲ್ಲ.

ದ್ರವದ ಕಡೆ ಬೆಂಕಿ ಅಥವಾ ಸ್ಫೋಟ, ಸಾವು, ಆಸ್ಪತ್ರೆ ಸೇರುವಂಥ ಗಾಯ, 50,000 ಡಾಲರ್ ಮೀರಿದ ಹಾನಿ, ಮತ್ತು ಮೇಲೆ ಹೇಳಿದ 5 ಗ್ಯಾಲನ್. ಇಲ್ಲಿ ಹಾನಿಯ ಲೆಕ್ಕ ಅನಿಲಕ್ಕೆ ತದ್ವಿರುದ್ಧ: ಕಳೆದುಹೋದ ತೈಲದ ಬೆಲೆಯೂ ಸೇರುತ್ತದೆ, ಸ್ವಚ್ಛ ಮಾಡಿದ ಖರ್ಚೂ ಸೇರುತ್ತದೆ. ಈ ಸ್ವಚ್ಛತೆಯ ಖರ್ಚನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೀರುವ ಲಾರಿ ಬರಬೇಕು, ತೈಲ ಕುಡಿದ ಮಣ್ಣನ್ನು ಅಗೆದು ಸಾಗಿಸಬೇಕು, ಆ ಜಾಗಕ್ಕೆ ಹೊಸ ಮಣ್ಣು ತುಂಬಬೇಕು. ಬೆಳಗ್ಗೆ ಸಣ್ಣದಾಗಿ ಕಂಡದ್ದು ಸಂಜೆಗೆ 50,000 ದಾಟಿರುತ್ತದೆ.

5 ಗ್ಯಾಲನ್ ನಿಯಮಕ್ಕೆ ಒಂದು ವಿನಾಯಿತಿ ಇದೆ. ನಿರ್ವಹಣೆಯ ಕೆಲಸ ನಡೆಯುವಾಗ ಚೆಲ್ಲಿದ್ದು, 5 ಬ್ಯಾರೆಲ್‌ಗಿಂತ ಕಡಿಮೆ (ಬ್ಯಾರೆಲ್ ಎಂದರೆ 42 ಗ್ಯಾಲನ್), ಕಂಪನಿಯ ಜಾಗ ಅಥವಾ ಪೈಪು ಹಾಯುವ ನೆಲದ ಪಟ್ಟಿಯೊಳಗೇ ಉಳಿದದ್ದು, ತಡಮಾಡದೆ ಸ್ವಚ್ಛಗೊಳಿಸಿದ್ದು, ನೀರನ್ನು ಕೆಡಿಸದೆ ಇದ್ದದ್ದು, ಬೇರೆ ಯಾವ ಮಿತಿಯನ್ನೂ ದಾಟದ್ದು. ಇಷ್ಟೂ ಒಟ್ಟಿಗೆ ಕೂಡಿಬಂದರೆ ವರದಿ ಬೇಡ. ನಮ್ಮ ಗುಂಡಿಗೆ ಇದು ದಕ್ಕುವುದಿಲ್ಲ. ಅಲ್ಲಿ ಯಾರೂ ಪಂಪ್ ಬಿಚ್ಚಿ ಕೆಲಸ ಮಾಡುತ್ತಿರಲಿಲ್ಲ. ಓಡುತ್ತಿದ್ದ ಪಂಪಿನ ಸೀಲ್ ಹೋಯಿತು. ‘ಸೀಲ್ ಬದಲಿಸಬೇಕೆಂದು ಮೊದಲೇ ಯೋಚಿಸಿದ್ದೆವು, ಹಾಗಾಗಿ ನಿರ್ವಹಣೆ’ ಎಂಬ ವಾದವನ್ನು ದಯವಿಟ್ಟು ಮಾಡಬೇಡಿ.

ಕೊನೆಗೆ ‘ಮಿತಿ ದಾಟದಿದ್ದರೂ ನಿರ್ವಾಹಕರ (ಅಂದರೆ ಪೈಪು ನಡೆಸುವ ಕಂಪನಿಯ) ದೃಷ್ಟಿಯಲ್ಲಿ ಮಹತ್ವದ್ದು’ ಎಂಬ ಒಂದು ಸಾಲು ಎರಡೂ ಭಾಗಗಳಲ್ಲಿದೆ. ನಾನು ಪಾಲಿಸುವ ಅಳತೆ ಸರಳ: ಜನರನ್ನು ಮನೆಯಿಂದ ಹೊರಗೆ ಕಳಿಸಿದ್ದರೆ, ಹೆದ್ದಾರಿ ಮುಚ್ಚಿದ್ದರೆ, ಫೋನ್ ಮಾಡಿ.

ಹಂತ 3: ಮೊದಲ ಒಂದು ಗಂಟೆ

ಈ ಒಂದು ಗಂಟೆ ಎಲ್ಲಿಂದ ಬಂತು ಎಂದು ತಿಳಿದರೆ ಅದರ ತೂಕ ಅರ್ಥವಾಗುತ್ತದೆ. 2010ರ ಜುಲೈ 25ರ ಸಂಜೆ ಮಿಷಿಗನ್ ರಾಜ್ಯದ ಮಾರ್ಷಲ್ ಊರಿನ ಬಳಿ ಎನ್‌ಬ್ರಿಡ್ಜ್ ಕಂಪನಿಯ 30 ಇಂಚಿನ ಲೈನ್ 6ಬಿ ಸೀಳಿತು. ಕಂಟ್ರೋಲ್ ರೂಮಿನಲ್ಲಿ ಅಲಾರಂಗಳು ಬಂದವು. ಅಲ್ಲಿದ್ದವರು ಅದನ್ನು ಪೈಪಿನೊಳಗೆ ದ್ರವ ತುಂಡಾಗಿ ನಿಂತಿರುವ ಸಮಸ್ಯೆ ಎಂದು ಭಾವಿಸಿ ಎರಡು ಬಾರಿ ಲೈನನ್ನು ಮತ್ತೆ ಚಾಲೂ ಮಾಡಿದರು. 17 ಗಂಟೆಗೂ ಹೆಚ್ಚು ಹೊತ್ತು ಹೀಗೆಯೇ ಹೋಯಿತು. ಕೊನೆಗೆ ಹೊರಗಿನ ಗ್ಯಾಸ್ ಕಂಪನಿಯ ನೌಕರನೊಬ್ಬ ಫೋನ್ ಮಾಡಿ ನೆಲದ ಮೇಲೆ ತೈಲ ಇದೆ ಎಂದ. ಅಷ್ಟರಲ್ಲಿ ಟಾಲ್ಮೇಜ್ ತೊರೆಯ ಮೂಲಕ ಕಲಮಜೂ ನದಿಗೆ ತೈಲ ಇಳಿದಾಗಿತ್ತು. ಒಟ್ಟು ಸೋರಿದ್ದು 8,43,444 ಗ್ಯಾಲನ್, ಅದರಲ್ಲಿ ಶೇ. 81ರಷ್ಟು ಹೊರಬಂದದ್ದು ಆ ಎರಡು ಮರುಚಾಲನೆಗಳಲ್ಲಿ ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಂಡುಕೊಂಡಿತು.

ಅದೇ ವರ್ಷ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ ಅನಿಲದ ಪೈಪು ಸಿಡಿದು 8 ಜನ ಸತ್ತರು, 38 ಮನೆಗಳು ನಾಶವಾದವು. ಅನಿಲ ನಿಲ್ಲಿಸಲು 95 ನಿಮಿಷ ಹಿಡಿಯಿತು. 2012ರ ಜನವರಿ 3ರಂದು ಅಧ್ಯಕ್ಷರ ಸಹಿ ಬಿದ್ದ ಪೈಪ್‌ಲೈನ್ ಸುರಕ್ಷತಾ ಕಾಯ್ದೆ, ಘಟನೆ ಖಚಿತವಾದ ಒಂದು ಗಂಟೆಯೊಳಗೆ ತಿಳಿಸುವ ನಿಯಮ ತರಬೇಕೆಂದು ಹೇಳಿತು. ನಿಯಮ ಜಾರಿಗೆ ಬಂದದ್ದು 2017ರ ಮಾರ್ಚ್‌ನಲ್ಲಿ. ಅಪಘಾತ ಆಗಿ ನಿಯಮ ಆಗಲು ಆರೂವರೆ ವರ್ಷ.

ಗಂಟೆ ಶುರುವಾಗುವುದು ಪೈಪು ಒಡೆದ ಕ್ಷಣದಿಂದಲ್ಲ, ‘ಖಚಿತವಾಗಿ ಗೊತ್ತಾದ’ ಕ್ಷಣದಿಂದ. ಆದರೆ ಆ ಮಾತಿನ ಅರ್ಥವನ್ನೂ ನಿಯಮವೇ ಬಿಗಿ ಮಾಡಿದೆ: ಆ ಹೊತ್ತಿಗೆ ಕೈಯಲ್ಲಿರುವ ಮಾಹಿತಿಯಿಂದ, ಅದು ಪ್ರಾಥಮಿಕ ಪರಿಶೀಲನೆಯೇ ಆಗಿರಲಿ, ವರದಿ ಮಾಡಬೇಕಾದ ಘಟನೆ ನಡೆದಿದೆ ಎಂದು ಸಹಜವಾಗಿ ಹೇಳಬಹುದಾದರೆ ಅಷ್ಟು ಸಾಕು. ಮೇಲಧಿಕಾರಿ ಸ್ಥಳಕ್ಕೆ ಬಂದು ಕಣ್ಣಾರೆ ನೋಡುವವರೆಗೆ ಕಾಯುವಂತಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ದೊಡ್ಡ ಪೈಪು ಸೀಳಿರಬಹುದು ಎಂಬ ಸೂಚನೆ ಬಂದ ಕೂಡಲೇ ಆ ಊರಿನ 911 ತುರ್ತು ಕರೆ ಕೇಂದ್ರಕ್ಕೆ ಫೋನ್. 2022ರಲ್ಲಿ ಬಂದ ಕವಾಟ ನಿಯಮ ಇದನ್ನು ಕೈಪಿಡಿಯಲ್ಲೇ ಬರೆದಿಡಲು ಹೇಳುತ್ತದೆ. ಅದರ ಬೆನ್ನಿಗೆ ನ್ಯಾಷನಲ್ ರೆಸ್ಪಾನ್ಸ್ ಸೆಂಟರ್, 800-424-8802. ಕರಾವಳಿ ಕಾವಲು ಪಡೆ ನಡೆಸುವ ಕೇಂದ್ರ ಇದು, ಹಗಲು ರಾತ್ರಿ ಫೋನ್ ಎತ್ತುತ್ತಾರೆ. ಕಂಪನಿಯ ಹೆಸರು, ಫೋನ್ ಮಾಡುತ್ತಿರುವವರ ಹೆಸರು ಮತ್ತು ನಂಬರು, ಸ್ಥಳ, ಹೊತ್ತು, ಸಾವು-ನೋವು, ಗೊತ್ತಿರುವಷ್ಟು ವಿವರ ಕೊಡಿ. ಅವರು ಕೊಡುವ ವರದಿ ಸಂಖ್ಯೆಯನ್ನು ಬರೆದುಕೊಳ್ಳಿ. ಪಕ್ಕದಲ್ಲೇ ಫೋನ್ ಮಾಡಿದ ಹೊತ್ತನ್ನು 24 ಗಂಟೆಯ ಗಡಿಯಾರದಲ್ಲಿ, ಯಾವ ಟೈಮ್ ಝೋನ್ ಎಂಬುದರೊಂದಿಗೆ ಗುರುತು ಹಾಕಿ. ಕಂಟ್ರೋಲ್ ರೂಮ್ ಹ್ಯೂಸ್ಟನ್ನಿನಲ್ಲಿ, ಪೈಪು ಒಡೆದದ್ದು ನ್ಯೂ ಮೆಕ್ಸಿಕೋದಲ್ಲಿ ಎಂದಾದರೆ ಆ ಒಂದು ಗಂಟೆಯ ವ್ಯತ್ಯಾಸ ಆಮೇಲೆ ದೊಡ್ಡ ತಲೆನೋವು. ಒಮ್ಮೆ ಹೀಗೆ ಬೆರೆತ ಎರಡು ಗಡಿಯಾರಗಳನ್ನು ಬಿಡಿಸಲು ನಾವು ಮೂರು ದಿನ ಕೂತೆವು. ಕಾಗದದ ಪ್ರಕಾರ ಫೋನ್ ಮಾಡಿದ್ದು ಪೈಪು ಸೋರುವ ಮೊದಲೇ!

ದ್ರವದ ಎಲ್ಲ ಘಟನೆಗೂ ಫೋನ್ ಬೇಕಿಲ್ಲ. ಸಾವು, ಗಾಯ, ಬೆಂಕಿ, 50,000 ಡಾಲರ್ ಮೀರಿದ ಹಾನಿ, ಹೊಳೆ-ಕೆರೆಯ ನೀರಿನ ಬಣ್ಣ ಕೆಟ್ಟದ್ದು ಅಥವಾ ತಳದಲ್ಲಿ ಕೆಸರು ಕೂತದ್ದು, ಮಹತ್ವದ್ದೆಂದು ನಿಮಗೆ ಅನಿಸಿದ್ದು, ಇವಕ್ಕೆ ಫೋನ್. ನಮ್ಮ ಗುಂಡಿಯ ಏಳೂವರೆ ಗ್ಯಾಲನ್ನಿಗೆ ಫೋನ್ ಬೇಡ, ಲಿಖಿತ ವರದಿ ಮಾತ್ರ ಸಾಕು. ಆ ಗುಂಡಿಯ ನೀರು ಹೊರಚರಂಡಿಗೆ ಹೋಗುವ ಕೊಳವೆ ತೆರೆದಿತ್ತೇ ಎಂದು ಮಾತ್ರ ಹೋಗಿ ನೋಡಿ. ತೆರೆದಿದ್ದರೆ ಕಥೆ ಬೇರೆ.

ಎಷ್ಟು ಸೋರಿತು ಎಂಬ ಮೊದಲ ಅಂದಾಜಿಗೆ ದ್ರವ ಪೈಪಿನವರು ಬರಹದಲ್ಲಿ ವಿಧಾನ ಇಟ್ಟುಕೊಂಡಿರಬೇಕು. ಒತ್ತಡ ಇಳಿದ ಹೊತ್ತಿನಿಂದ ಕವಾಟ ಮುಚ್ಚಿದ ಹೊತ್ತಿನವರೆಗಿನ ಹರಿವು, ಎರಡು ಕವಾಟಗಳ ನಡುವೆ ಇಳಿಜಾರಿನಲ್ಲಿ ಇಳಿದು ಬರುವಷ್ಟು ತೈಲ, ಎರಡನ್ನೂ ಕೂಡಿಸುವುದು ವಾಡಿಕೆ. ಈ ಅಂಕಿ ಆಮೇಲೆ ಬದಲಾಗುತ್ತದೆ, ಬದಲಾಗಲಿ. 48 ಗಂಟೆಯೊಳಗೆ ಇನ್ನೊಮ್ಮೆ ಫೋನ್ ಮಾಡಿ ಮೊದಲು ಹೇಳಿದ್ದನ್ನು ಖಚಿತಪಡಿಸಲು ಅಥವಾ ತಿದ್ದಲು ನಿಯಮವೇ ಹೇಳುತ್ತದೆ. ಹೇಳಿ ತಿದ್ದಿದರೆ ದಂಡ ಇಲ್ಲ. ಹೇಳದೆ ಕೂತರೆ ಇದೆ.

ಈ ಗಲಾಟೆಯಲ್ಲಿ ಮರೆತುಹೋಗುವುದು ಮದ್ಯ ಮತ್ತು ಮಾದಕವಸ್ತು ಪರೀಕ್ಷೆ. ಯಾರ ಕೆಲಸದಿಂದ ಘಟನೆ ಆಗಿರಬಹುದೋ ಅವರಿಗೆ ಮದ್ಯದ ಪರೀಕ್ಷೆ 2 ಗಂಟೆಯೊಳಗೆ ಆಗಬೇಕು. ತಡವಾದರೆ ಕಾರಣ ಬರೆದಿಡಬೇಕು, 8 ಗಂಟೆ ದಾಟಿದರೆ ಪ್ರಯತ್ನ ಬಿಡಬೇಕು. ಮಾದಕವಸ್ತುವಿಗೆ 32 ಗಂಟೆ.

ಹಂತ 4: 30 ದಿನದ ಲಿಖಿತ ವರದಿ

ಅನಿಲ ವಿತರಣೆಗೆ ನಮೂನೆ ಎಫ್ 7100.1, ಸಾಗಣೆ ಮತ್ತು ಸಂಗ್ರಹಣೆಯ ಪೈಪುಗಳಿಗೆ ಎಫ್ 7100.2, ದ್ರವೀಕೃತ ಅನಿಲಕ್ಕೆ ಎಫ್ 7100.3, ಅಪಾಯಕಾರಿ ದ್ರವಕ್ಕೆ ಎಫ್ 7000-1. ಎಲ್ಲವನ್ನೂ ಫಿಮ್ಸಾದ ಪೋರ್ಟಲ್‌ನಲ್ಲೇ ತುಂಬಬೇಕು. ಅದಕ್ಕೆ ನಿಮ್ಮ ಕಂಪನಿಯ ನಿರ್ವಾಹಕ ಸಂಖ್ಯೆ ಬೇಕು. 30 ದಿನ ಎಂಬುದು ಕೊನೆಯ ಗಡಿ. ಆದಷ್ಟು ಬೇಗ ಕೊಡಿ ಎಂದೇ ನಿಯಮದ ಮಾತು.

ಎಲ್ಲ ಚೌಕಗಳನ್ನೂ ಇಲ್ಲಿ ವಿವರಿಸುತ್ತ ಹೋಗುವುದಿಲ್ಲ, ನಮೂನೆಯ ಜೊತೆಗೆ ಬರುವ ಸೂಚನೆಯೇ ಸಾಕಷ್ಟು ಉದ್ದವಿದೆ. ಎರಡು ಜಾಗಗಳಲ್ಲಿ ಮಾತ್ರ ನಿಧಾನಿಸಿ.

ಒಂದು, ಭಾಗ ಜಿ, ಕಾರಣ. ತುಕ್ಕು, ಪ್ರಕೃತಿಯ ಹೊಡೆತ, ಅಗೆತದ ಹಾನಿ, ಹೊರಗಿನ ಇತರ ಹೊಡೆತ, ಪೈಪು ಅಥವಾ ಬೆಸುಗೆಯ ದೋಷ, ಉಪಕರಣದ ವೈಫಲ್ಯ, ತಪ್ಪು ಕಾರ್ಯಾಚರಣೆ, ಇತರೆ ಎಂಬ ಎಂಟರಲ್ಲಿ ಒಂದನ್ನು ಆರಿಸಬೇಕು. ನಮ್ಮ ಗುಂಡಿಯ ಸೀಲ್ ‘ಉಪಕರಣದ ವೈಫಲ್ಯ’ ಎಂದು ಎಲ್ಲರೂ ಥಟ್ಟನೆ ಗುರುತು ಹಾಕುತ್ತಾರೆ. ಆದರೆ ಹಿಂದಿನ ವಾರ ಸೀಲ್ ಕೂರಿಸಿದವರು ಬೋಲ್ಟನ್ನು ಸರಿಯಾಗಿ ಬಿಗಿ ಮಾಡದೆ ಬಿಟ್ಟಿದ್ದರೆ? ಆಗ ಅದು ‘ತಪ್ಪು ಕಾರ್ಯಾಚರಣೆ’. ಬಿಚ್ಚಿದ ಸೀಲನ್ನು ಬಿಸಾಡಬೇಡಿ. ಚೀಲದಲ್ಲಿ ಹಾಕಿ, ದಿನಾಂಕ ಬರೆದು ಇಡಿ. ದೇಶದ ತುಂಬ ಎಂಥ ಅಪಘಾತ ಹೆಚ್ಚುತ್ತಿದೆ ಎಂದು ನಾಳೆ ಯಾರೋ ಲೆಕ್ಕ ತೆಗೆಯುವಾಗ ನೀವು ಗುರುತು ಹಾಕಿದ ಆ ಒಂದು ಚೌಕವೇ ಅವರ ಕೈಗೆ ಸಿಗುವುದು.

ಎರಡು, ಭಾಗ ಎಚ್, ವಿವರಣೆ. ವಕೀಲರ ಕೈಗೆ ಹೋಗಿ ಬಂದ ವಿವರಣೆಗಳಲ್ಲಿ ಹೆಚ್ಚಿನವು ಮೂರು ಸಾಲಿಗೆ ಇಳಿದಿರುತ್ತವೆ. ಏನಾಯಿತು, ಯಾರು ಮೊದಲು ಕಂಡರು, ಎಷ್ಟು ಹೊತ್ತಿಗೆ ಏನು ಮಾಡಿದರು ಎಂಬುದನ್ನು ಕ್ರಮವಾಗಿ ಬರೆಯಿರಿ. ಇನ್ನೊಂದು ಕಂಪನಿಯವರು ಓದಿದರೆ ತಮ್ಮ ಸ್ಟೇಷನ್ನಿಗೆ ಹೋಗಿ ಏನು ನೋಡಬೇಕೆಂದು ಅವರಿಗೆ ತಿಳಿಯುವಂತಿರಲಿ.

ಹೊಸ ಮಾಹಿತಿ ಬಂದರೆ ಪೂರಕ ವರದಿ. ದ್ರವದವರಿಗೆ ಬದಲಾವಣೆ ತಿಳಿದ 30 ದಿನದೊಳಗೆ.

ಹಂತ 5: ನಿಯಮ ಹೇಗೆ ಬದಲಾಗುತ್ತದೆ, ತಿಳಿದುಕೊಳ್ಳಿ

ಈ ಮಿತಿಗಳು ಕಲ್ಲಿನಲ್ಲಿ ಕೊರೆದವಲ್ಲ. 2002ಕ್ಕೆ ಮೊದಲು ದ್ರವ ಸೋರಿಕೆಯ ಮಿತಿ 50 ಬ್ಯಾರೆಲ್, ಅಂದರೆ 2,100 ಗ್ಯಾಲನ್. 1999ರ ಜೂನ್ 10ರಂದು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಸುಮಾರು 2,37,000 ಗ್ಯಾಲನ್ ಪೆಟ್ರೋಲ್ ತೊರೆಗೆ ಹರಿದು ಹೊತ್ತಿಕೊಂಡು, ಹತ್ತು ವರ್ಷದ ಇಬ್ಬರು ಹುಡುಗರೂ ಹದಿನೆಂಟರ ಒಬ್ಬ ಯುವಕನೂ ತೀರಿಕೊಂಡರು. ಆ ದುಃಖದ ಬಳಿಕ ಪೈಪ್‌ಲೈನ್ ಸುರಕ್ಷತೆಯ ಮೇಲೆ ಇಡೀ ದೇಶದ ಕಣ್ಣು ಬಿತ್ತು. 2002ರಲ್ಲಿ ಮಿತಿ 5 ಗ್ಯಾಲನ್‌ಗೆ ಇಳಿಯಿತು. ಆ ವರ್ಷದಿಂದ ಅಪಘಾತಗಳ ಸಂಖ್ಯೆ ಏರಿದಂತೆ ಕಂಡರೆ ಪೈಪುಗಳು ಒಮ್ಮೆಲೇ ಹಾಳಾದವೆಂದು ತಿಳಿಯಬಾರದು. ಎಣಿಸುವ ಜರಡಿಯ ಕಣ್ಣು ಸಣ್ಣದಾಯಿತು, ಅಷ್ಟೇ.

ಅನಿಲದ ಕಡೆ ಜರಡಿ ಇನ್ನೊಂದು ದಿಕ್ಕಿಗೆ ಹೋಯಿತು. ಆಸ್ತಿ ಹಾನಿಯ ಮಿತಿ 1984ರಿಂದ 50,000 ಡಾಲರ್ ಇತ್ತು. 2021ರ ಮಾರ್ಚ್‌ನಲ್ಲಿ ಅದನ್ನು 1,22,000ಕ್ಕೆ ಏರಿಸಿ, ಮುಂದೆ ಹಣದುಬ್ಬರಕ್ಕೆ ತಕ್ಕಂತೆ ಪ್ರತಿ ವರ್ಷ ಏರುವಂತೆ ಮಾಡಿದರು. ಉದ್ಯಮದವರ ವಾದದಲ್ಲಿ ನ್ಯಾಯವಿದೆ: 1984ರ 50,000 ಡಾಲರಿಗೆ ಇಂದಿನ ಬೆಲೆ ಅಷ್ಟಲ್ಲ, ಕಾರು ಗುದ್ದಿ ಮೀಟರ್ ಮುರಿದದ್ದೂ ಅದೇ ಪಟ್ಟಿಗೆ ಬರುತ್ತಿತ್ತು. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. 80,000 ಡಾಲರ್ ಹಾನಿಯ ಘಟನೆ ಇಂದೂ ನಡೆಯುತ್ತದೆ. ಬೇರೆ ಮಿತಿ ದಾಟದಿದ್ದರೆ ರಾಷ್ಟ್ರದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಸಣ್ಣವನ್ನು ಎಣಿಸಿದರೆ ತಾನೇ ದೊಡ್ಡದು ಬರುವ ದಾರಿ ಕಾಣುವುದು? ಹಾಗಾಗಿ ಮಿತಿಯ ಕೆಳಗಿನ ಘಟನೆಗಳಿಗೂ ಅದೇ ಎಂಟು ಕಾರಣಗಳ ಪಟ್ಟಿ ಹಾಕಿ ಕಂಪನಿಯೊಳಗೆ ಪುಸ್ತಕ ಇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಹಂತ 6: ಬದಲಾವಣೆಯಲ್ಲಿ ನಿಮ್ಮ ಮಾತು ಸೇರಿಸಿ

ಬದಲಾವಣೆ ಎರಡು ದಾರಿಯಲ್ಲಿ ಬರುತ್ತದೆ. ಮಿತಿ, ಗಡುವು, ವ್ಯಾಖ್ಯೆ ಬದಲಿಸಬೇಕಾದರೆ ಪೂರ್ಣ ನಿಯಮ ರಚನೆ: ಫೆಡರಲ್ ರಿಜಿಸ್ಟರ್‌ನಲ್ಲಿ ಕರಡು, ಸಾರ್ವಜನಿಕ ಅಭಿಪ್ರಾಯ, ಅನಿಲ ಮತ್ತು ದ್ರವದ ಸಲಹಾ ಸಮಿತಿಗಳ ಚರ್ಚೆ, ಕೊನೆಗೆ ಅಂತಿಮ ನಿಯಮ. ಫೆಡರಲ್ ರಿಜಿಸ್ಟರ್ ಎಂದರೆ ನಮ್ಮ ರಾಜ್ಯಪತ್ರ ಇದ್ದಂತೆ, ಪ್ರತಿ ಕೆಲಸದ ದಿನವೂ ಬರುತ್ತದೆ. ನಮೂನೆಯಲ್ಲಿ ಒಂದು ಪ್ರಶ್ನೆ ಸೇರಿಸುವುದೋ ತೆಗೆಯುವುದೋ ಆದರೆ ದಾರಿ ಬೇರೆ. 1995ರ ಕಾಗದದ ಹೊರೆ ತಗ್ಗಿಸುವ ಕಾಯ್ದೆಯ ಪ್ರಕಾರ ಮೊದಲು 60 ದಿನದ ಪ್ರಕಟಣೆ, ಆಮೇಲೆ 30 ದಿನದ ಇನ್ನೊಂದು, ಬಳಿಕ ಶ್ವೇತಭವನದ ಆಯವ್ಯಯ ಕಚೇರಿಯ ಒಪ್ಪಿಗೆ. ಒಪ್ಪಿಗೆ ಹೆಚ್ಚೆಂದರೆ ಮೂರು ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಕೇಳಲೇಬೇಕು. ಅಂದರೆ ಪ್ರತಿ ನಮೂನೆಯೂ ಆಗಾಗ ಜನರ ಮುಂದೆ ಬರುತ್ತಲೇ ಇರುತ್ತದೆ. ಹೆಚ್ಚಿನವರು ಗಮನಿಸುವುದಿಲ್ಲ.

ಅಭಿಪ್ರಾಯ ಕೊಡಲು ಅಮೆರಿಕದ ಪೌರರೇ ಆಗಬೇಕೆಂದಿಲ್ಲ, ವಕೀಲರೂ ಬೇಕಿಲ್ಲ. ರೆಗ್ಯುಲೇಷನ್ಸ್ ಡಾಟ್ ಗೌ ತಾಣದಲ್ಲಿ ಫಿಮ್ಸಾ ಹೆಸರಿನಿಂದ ಶುರುವಾಗುವ ಕಡತ ಸಂಖ್ಯೆ ಹುಡುಕಿ, ಅಲ್ಲೇ ಬರೆಯಿರಿ. ಬರೆದದ್ದು ಎಲ್ಲರಿಗೂ ಕಾಣುತ್ತದೆ. ಕಂಪನಿಯ ಗುಟ್ಟು ಹಾಕಬೇಡಿ. ಸ್ವಂತ ಹೆಸರಿನಲ್ಲಿ ಬರೆಯುವುದಾದರೆ ಕಚೇರಿಯ ನಿಯಮ ಏನೆಂದು ಮೊದಲೇ ಕೇಳಿಕೊಳ್ಳಿ.

‘ಈ ಬದಲಾವಣೆ ಒಳ್ಳೆಯದು’ ಎಂಬ ಪತ್ರದಿಂದ ಏನೂ ಆಗುವುದಿಲ್ಲ. ನಮೂನೆಯ ವಿಷಯವಾದರೆ ಕಾಯ್ದೆ ಕೇಳುವ ನಾಲ್ಕು ಪ್ರಶ್ನೆಗಳಿಗೇ ಉತ್ತರ ಕೊಡಿ: ಈ ಮಾಹಿತಿ ನಿಜಕ್ಕೂ ಬೇಕೇ, ತುಂಬಲು ಇಷ್ಟು ಗಂಟೆ ಎಂಬ ಸರ್ಕಾರದ ಅಂದಾಜು ಸರಿಯೇ, ಪ್ರಶ್ನೆ ಸ್ಪಷ್ಟವಾಗಿದೆಯೇ, ಹೊರೆ ತಗ್ಗಿಸುವ ದಾರಿ ಇದೆಯೇ. ನಿಮ್ಮ ಕೈಯಲ್ಲಿ ಗಡಿಯಾರ ಇದೆ. ಮುಂದಿನ ವರದಿ ತುಂಬುವಾಗ ಪ್ರತಿ ಭಾಗಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟುಕೊಂಡು ಅದನ್ನೇ ಕಳಿಸಿ. ಪ್ರಶ್ನೆ ಗೊಂದಲವಾಗಿದ್ದರೆ ಭಾಗ, ಪ್ರಶ್ನೆಯ ಸಂಖ್ಯೆ, ಈಗಿರುವ ಸಾಲು, ನೀವು ಸೂಚಿಸುವ ಸಾಲು, ಹೀಗೆ ಒಂದರ ಕೆಳಗೊಂದು ಕೊಡಿ. ಮಿತಿ ಏರಿಸುವ ಕರಡಾದರೆ, ನಿಮ್ಮಲ್ಲಿ ಕಳೆದ ಐದು ವರ್ಷದಲ್ಲಿ ಹಳೆಯ ಮತ್ತು ಹೊಸ ಮಿತಿಗಳ ನಡುವೆ ಬಿದ್ದ ಘಟನೆಗಳೆಷ್ಟು, ಅವುಗಳಿಂದ ಏನು ಕಲಿತಿರಿ ಎಂದು ತಿಳಿಸಿ. ಮೇಲೆ ಹೇಳಿದ ಪುಸ್ತಕ ಇಟ್ಟಿದ್ದರೆ ಇದಕ್ಕೆ ಅರ್ಧ ದಿನ ಸಾಕು.

ಬೆಲ್ಲಿಂಗ್‌ಹ್ಯಾಮ್ ಅಪಘಾತದ ನಂತರ ಹುಟ್ಟಿದ ಪೈಪ್‌ಲೈನ್ ಸೇಫ್ಟಿ ಟ್ರಸ್ಟ್ ಸಲ್ಲಿಸುವ ಅಭಿಪ್ರಾಯಗಳನ್ನೂ, ಉದ್ಯಮ ಸಂಘಗಳು ಸಲ್ಲಿಸುವುದನ್ನೂ ಅದೇ ಕಡತದಲ್ಲಿ ಓದಬಹುದು. ಎರಡನ್ನೂ ಓದಿ ಆಮೇಲೆ ಬರೆಯಿರಿ.

ಹಂತ 7: ಅಂತಿಮ ನಿಯಮ ಬಂದ ದಿನ

ಪ್ರಕಟವಾದ ದಿನ, ಜಾರಿಗೆ ಬರುವ ದಿನ, ಪಾಲನೆ ಕಡ್ಡಾಯವಾಗುವ ದಿನ ಮೂರೂ ಬೇರೆ ಬೇರೆ ಇರುತ್ತವೆ. 2021ರ ಅನಿಲ ನಿಯಮ ಜನವರಿಯಲ್ಲಿ ಪ್ರಕಟವಾಗಿ ಮಾರ್ಚ್‌ನಲ್ಲಿ ಜಾರಿಗೆ ಬಂತು. ಮೂರನ್ನೂ ಕ್ಯಾಲೆಂಡರಿನಲ್ಲಿ ಹಾಕಿ. ಘಟನೆ ಆದ ದಿನ ಯಾವ ಮೊತ್ತ ಜಾರಿಯಲ್ಲಿತ್ತೋ ಅದೇ ಲೆಕ್ಕಕ್ಕೆ ಬರುವುದು. ಹಾಗಾಗಿ ಮೊತ್ತವನ್ನು ಕೈಪಿಡಿಯೊಳಗೆ ಅಂಕಿಯಾಗಿ ಅಚ್ಚು ಮಾಡಬೇಡಿ. ಫಿಮ್ಸಾ ಆ ವರ್ಷಕ್ಕೆ ಪ್ರಕಟಿಸಿದ ಮೊತ್ತವನ್ನು ನೋಡಿ ಎಂದು ಬರೆಯಿರಿ. ಅಂಕಿ ಇರುವ ಒಂದು ಹಾಳೆಯನ್ನು ಪ್ರತ್ಯೇಕವಾಗಿ ಇಟ್ಟು ವರ್ಷಕ್ಕೊಮ್ಮೆ ಬದಲಿಸಿ.

ಕೈಪಿಡಿ ತಿದ್ದಿ, ಕಂಟ್ರೋಲ್ ರೂಮಿನ ಮೂರೂ ಪಾಳಿಯವರನ್ನು ಕೂರಿಸಿ ಒಮ್ಮೆ ಅಣಕು ಕರೆ ಮಾಡಿಸಿ. ರಾತ್ರಿ ಪಾಳಿಯವರನ್ನು ಹಗಲಿಗೆ ಕರೆಸಬೇಡಿ, ನೀವೇ ರಾತ್ರಿ ಹೋಗಿ. ಹೋದಾಗ ಫೋನಿನ ಪಕ್ಕದ ಗೋಡೆ ನೋಡಿ. ಅಲ್ಲಿ ಟೇಪ್ ಹಳದಿಯಾದ ಒಂದು ಹಾಳೆ ಅಂಟಿರುತ್ತದೆ, ಅದರ ಮೇಲೆ ಹಳೆಯ ಮಿತಿ, ಕೆಲಸ ಬಿಟ್ಟು ಹೋದವರ ನಂಬರು ಇರುತ್ತದೆ. ಕಿತ್ತು ತೆಗೆಯಿರಿ. ಹೊಸ ಹಾಳೆಯ ಕೆಳತುದಿಯಲ್ಲಿ ದಿನಾಂಕ, ತಿದ್ದಿದವರ ಸಹಿ, ಮುಂದೆ ಪರಿಶೀಲಿಸಬೇಕಾದ ತಿಂಗಳು ಬರೆದು, ಅದೇ ಜಾಗದಲ್ಲಿ ಅಂಟಿಸಿ.